ಅವಸರಪಡಿಸದೆ ಜೊತೆಗಿದ್ದವರಿಗೆ

ವಾರಕ್ಕೊಮ್ಮೆ ನಡೆಯುತ್ತಿದ್ದ ನನ್ನ ಮನೋಚಿಕಿತ್ಸೆಯ ಭೇಟಿಗಳು ಕಳೆದ ತಿಂಗಳು ಮುಗಿದವು. ಇನ್ನು ಬೇಕೆನಿಸಿದಾಗ ಬಂದರೆ ಸಾಕೆಂದು ನನ್ನ ಥೆರಪಿಸ್ಟ್ ಹಾಗೂ ನಾನು ಕೂಡಿ ತೀರ್ಮಾನಿಸಿದ್ದೇವೆ. ಮದುವೆ ಮುಂಜಿಗಳಿಗೆ ನಾನೇಕೆ ಬರುವುದಿಲ್ಲ, ಬಂದರೂ ಊಟಕ್ಕೆ ಮೊದಲೇ ಏಕೆ ಎದ್ದು ಹೋಗುತ್ತೇನೆ ಎಂದು ಕೇಳದೆಯೇ ಇಷ್ಟು ವರ್ಷ ನನ್ನನ್ನು ತಮ್ಮವಳಾಗಿ ಉಳಿಸಿಕೊಂಡವರಿಗೆ ಆ ಕಾರಣವನ್ನು ಈಗ ನಾನಾಗಿಯೇ ತಿಳಿಸಿ ಕೃತಜ್ಞತೆ ಸಲ್ಲಿಸಬೇಕೆನಿಸಿದೆ.

ಬಾಲ್ಯದಲ್ಲಿ ಮನೆಯೊಳಗೆ ನಡೆದದ್ದರ ವಿವರ ಇಲ್ಲಿ ಬೇಡ. ಅದು ಒಂದು ದಿನದ ಘಟನೆಯಲ್ಲ, ವರ್ಷಗಟ್ಟಲೆ ನಡೆಯಿತು, ಕಾಯಬೇಕಾದವರಿಂದಲೇ ನಡೆಯಿತು ಎಂದಷ್ಟೇ ಹೇಳುತ್ತೇನೆ. ನಿದ್ರಾಹೀನತೆ, ಖಿನ್ನತೆ, ಹೊಟ್ಟೆನೋವು ಎಂದು ಬೇರೆಬೇರೆ ಕಡೆ ಔಷಧ ಪಡೆಯುತ್ತಿದ್ದ ನನಗೆ ಇವೆಲ್ಲದರ ಮೂಲ ಒಂದೇ ಇರಬಹುದೆಂದು ತೋರಿಸಿಕೊಟ್ಟ ಮನೋವೈದ್ಯರಿಗೆ ನನ್ನ ಮೊದಲ ವಂದನೆ. ತಪ್ಪಿಸಿಕೊಳ್ಳಲಾಗದ ಸ್ಥಿತಿಯಲ್ಲಿ ದೀರ್ಘಕಾಲ ಹಿಂಸೆ ಅನುಭವಿಸಿದವರ ಆಘಾತವನ್ನು ಪ್ರತ್ಯೇಕವಾಗಿ ಗುರುತಿಸಬೇಕೆಂದು ಅಮೆರಿಕದ ಮನೋವೈದ್ಯೆ ಜೂಡಿತ್ ಹರ್ಮನ್ 1992ರಲ್ಲಿಯೇ ವಾದಿಸಿದ್ದರು. ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ 11ನೆಯ ಆವೃತ್ತಿ 2022ರಲ್ಲಿ ಜಾರಿಗೆ ಬಂದಾಗ ಅದಕ್ಕೆ ಕಾಂಪ್ಲೆಕ್ಸ್ ಪಿಟಿಎಸ್‌ಡಿ, ಅಂದರೆ ಸಂಕೀರ್ಣ ಆಘಾತೋತ್ತರ ಒತ್ತಡದ ಕಾಯಿಲೆ, ಎಂಬ ಹೆಸರಿನಲ್ಲಿ ಸ್ವತಂತ್ರ ಸ್ಥಾನ ದೊರೆಯಿತು. ಹಳೆಯ ಘಟನೆ ಕಣ್ಣೆದುರು ಮತ್ತೆ ನಡೆದಂತಾಗುವುದು, ಅದನ್ನು ನೆನಪಿಸುವ ಎಲ್ಲದರಿಂದ ದೂರ ಓಡುವುದು, ಸದಾ ಅಪಾಯದ ನಿರೀಕ್ಷೆಯಲ್ಲಿರುವುದು, ಇವುಗಳ ಜೊತೆಗೆ ಭಾವನೆಗಳು ಹತೋಟಿಗೆ ಸಿಗದಿರುವುದು, ತಾನು ಯಾವುದಕ್ಕೂ ಯೋಗ್ಯಳಲ್ಲವೆಂಬ ನಂಬಿಕೆ ಬೇರೂರುವುದು, ಯಾರೊಂದಿಗೂ ಹತ್ತಿರವಾಗಲು ಆಗದಿರುವುದು ಇದರ ಲಕ್ಷಣಗಳೆಂದು ನನ್ನ ಮನೋವೈದ್ಯರು ತಾಳ್ಮೆಯಿಂದ ಕನ್ನಡದಲ್ಲಿಯೇ ವಿವರಿಸಿದರು. ಅದಕ್ಕೂ ಮೊದಲು ನನಗೆ ಸಿಕ್ಕ ಸಲಹೆ, ಮದುವೆಯಾದರೆ ಎಲ್ಲ ಸರಿಹೋಗುತ್ತದೆ ಎಂಬುದಾಗಿತ್ತು.

ನನ್ನ ಥೆರಪಿಸ್ಟ್ ಅನುಸರಿಸಿದ ಪದ್ಧತಿಗೆ ಇಂಟರ್ನಲ್ ಫ್ಯಾಮಿಲಿ ಸಿಸ್ಟಮ್ಸ್ ಎಂದು ಹೆಸರು. ಕುಟುಂಬ ಚಿಕಿತ್ಸಕರಾಗಿದ್ದ ರಿಚರ್ಡ್ ಶ್ವಾರ್ಟ್ಸ್ ಅದನ್ನು 1980ರ ದಶಕದಲ್ಲಿ ಅಮೆರಿಕದಲ್ಲಿ ರೂಪಿಸಲಾರಂಭಿಸಿದರು. ಪ್ರತಿಯೊಬ್ಬರ ಮನಸ್ಸಿನಲ್ಲೂ ಅನೇಕ ಭಾಗಗಳಿವೆ, ನೋವನ್ನು ಹೊತ್ತ ಭಾಗಗಳನ್ನು ಒಳಗೆ ಬಚ್ಚಿಟ್ಟು ಉಳಿದವು ಕಾವಲು ನಿಲ್ಲುತ್ತವೆ ಎಂಬುದು ಅದರ ತಿರುಳು. ಇದು ಮೈಮೇಲೆ ಬರುವುದಲ್ಲ, ಬಹುವ್ಯಕ್ತಿತ್ವದ ಕಾಯಿಲೆಯೂ ಅಲ್ಲ. ನಮ್ಮ ಮನೆಯಲ್ಲಿ ಇವೆರಡೂ ಸಂದೇಹ ಬಂದಿದ್ದರಿಂದ ಸ್ಪಷ್ಟಪಡಿಸುತ್ತಿದ್ದೇನೆ. ನನ್ನೊಳಗಿನ ಒಂದು ಭಾಗ ನಸುಕಿಗೇ ಎಬ್ಬಿಸಿ ಹಿಂದಿನ ದಿನ ನಾನಾಡಿದ ಪ್ರತಿ ಮಾತಿನಲ್ಲೂ ಹುಳುಕು ಹುಡುಕುತ್ತಿತ್ತು. ಸಂಕಟ ಉಕ್ಕಿದ ಕೂಡಲೇ ಬೆಳಗಿನ ಜಾವದವರೆಗೂ ಮೊಬೈಲಿನಲ್ಲಿ ಮುಳುಗಿಸಿ ಏನನ್ನೂ ಅನುಭವಿಸದಂತೆ ಮಾಡುವ ಭಾಗ ಇನ್ನೊಂದು. ಇವೆರಡರ ಹಿಂದೆ, ಬಾಗಿಲು ಸದ್ದಾದರೆ ಉಸಿರು ಬಿಗಿಹಿಡಿಯುವ ಒಬ್ಬ ಹುಡುಗಿ ಇದ್ದಳು.

ಮೊದಲ ಭೇಟಿಗಳಲ್ಲೇ ಆ ಹುಡುಗಿಯ ಕಥೆಯನ್ನೆಲ್ಲ ಹೇಳಿಸುತ್ತಾರೆಂದು ನಾನು ಹೆದರಿದ್ದೆ. ಅವರು ಬಹುಕಾಲ ಅವಳ ಸುದ್ದಿಗೇ ಹೋಗಲಿಲ್ಲ. ಕಾವಲಿರುವವರು ಒಪ್ಪದೆ ಒಳಗೆ ಕಾಲಿಡುವುದಿಲ್ಲವೆಂದು ಹೇಳಿ, ಬೈಯುವ ಆ ಭಾಗವನ್ನೇ ಕೂರಿಸಿಕೊಂಡು ಮಾತನಾಡಿಸಿದರು. ಈ ಕೆಲಸ ನಿಲ್ಲಿಸಿದರೆ ಏನಾಗುತ್ತದೆಂಬ ಭಯ ಅದಕ್ಕಿದೆ ಎಂದು ಕೇಳಿದರು. ಹೊರಗಿನವರು ಬೈದು ಹೊಡೆಯುವ ಮುನ್ನ ನಾನೇ ಬೈದು ತಿದ್ದಿಬಿಟ್ಟರೆ ಪೆಟ್ಟು ತಪ್ಪುತ್ತದೆ ಎಂಬ ಉತ್ತರ ನನ್ನ ಬಾಯಿಂದಲೇ ಬಂತು. ನಿಮಗೀಗ ಎಷ್ಟು ವಯಸ್ಸೆಂದು ಅದು ತಿಳಿದುಕೊಂಡಿದೆ ಎಂದು ಅವರು ಕೇಳಿದಾಗ, ನಾನಿನ್ನೂ ಐದನೇ ಕ್ಲಾಸಿನಲ್ಲಿದ್ದೇನೆಂದು ಅದು ನಂಬಿಕೊಂಡಿರುವುದು ತಿಳಿಯಿತು. ಜೀವನವಿಡೀ ದ್ವೇಷಿಸಿದ ಆ ದನಿಗೆ ಅಂದು ಕೃತಜ್ಞತೆ ಹೇಳಿದೆ, ಇಲ್ಲಿಯೂ ಹೇಳುತ್ತಿದ್ದೇನೆ; ಬೇರೆ ಯಾರೂ ಇಲ್ಲದಾಗ ನನ್ನನ್ನು ಕಾಯ್ದದ್ದು ಅದೇ. ಹುಡುಗಿಯ ಬಳಿಗೆ ಹೋಗಲು ದಾರಿ ಬಿಟ್ಟದ್ದೂ ಅದೇ, ಆದರೆ ತನ್ನದೇ ಸಮಯಕ್ಕೆ.

ಈ ಪದ್ಧತಿಯನ್ನು ಎಲ್ಲರಿಗೂ ಶಿಫಾರಸು ಮಾಡುವುದು ನನ್ನ ಉದ್ದೇಶವಲ್ಲ. ಆಘಾತದ ಚಿಕಿತ್ಸೆಯಲ್ಲಿ ಯೋಚನೆ, ನಡವಳಿಕೆಗಳನ್ನು ತಿದ್ದಿಕೊಳ್ಳಲು ಕಲಿಸುವ ಅರಿವಿನ ವರ್ತನಾ ಚಿಕಿತ್ಸೆ (ಸಿಬಿಟಿ) ಮತ್ತು ಕಣ್ಣುಗಳನ್ನು ಅತ್ತಿತ್ತ ಆಡಿಸುತ್ತ ಕಹಿ ನೆನಪಿನ ತೀವ್ರತೆ ತಗ್ಗಿಸುವ ಇಎಂಡಿಆರ್‌ಗಳಿಗೆ ಇರುವಷ್ಟು ಸಂಶೋಧನೆಯ ಆಧಾರ ಇದಕ್ಕೆ ಇನ್ನೂ ಇಲ್ಲ. ನುರಿತವರಿಲ್ಲದೆ ಹಳೆಯ ಗಾಯವನ್ನು ಅವಸರದಿಂದ ಬಿಚ್ಚಿದರೆ ಸ್ಥಿತಿ ಹದಗೆಡಲೂಬಹುದು. ನಾನು ಮಾತ್ರೆಗಳನ್ನೂ ನಿಲ್ಲಿಸಿರಲಿಲ್ಲ.

ಚಿಕಿತ್ಸೆಯ ದಿನ ಬೇಗ ಹೊರಡಲು ಕಾರಣ ಕೇಳದೆ ಅನುಮತಿ ಕೊಟ್ಟ ಕಚೇರಿಯ ಮೇಲಧಿಕಾರಿಗೆ, ಆ ಸಂಜೆಗಳಲ್ಲಿ ಅಡುಗೆ ಮಾಡಿಟ್ಟು ಮೌನವಾಗಿರಲು ಬಿಟ್ಟ ನನ್ನ ಪತಿಗೆ ಋಣಿಯಾಗಿದ್ದೇನೆ. ಎಲ್ಲರನ್ನೂ ಕ್ಷಮಿಸಿಬಿಡು, ಹಗುರಾಗುತ್ತೀಯ ಎಂದವರು ಹಲವರಿದ್ದರು. ಅವರ ಕಾಳಜಿಯನ್ನು ಗೌರವಿಸುತ್ತೇನೆ, ಆದರೆ ನನ್ನ ಭಾರ ಇಳಿಯಲು ಕ್ಷಮೆ ಷರತ್ತಾಗಿರಲಿಲ್ಲ. ಅಕ್ಕನಿಗೆ ಹೇಳಬೇಕಾದದ್ದು ಹೆಚ್ಚಿದೆ. ಅದೇ ಮನೆಯಲ್ಲಿ ಬೆಳೆದ ಅವಳು, ನನಗೆ ಆ ದಿನಗಳು ಬೇರೆ ರೀತಿ ನೆನಪಿವೆ ಕಣೇ, ಆದರೆ ನಿನ್ನದು ಸುಳ್ಳೆಂದು ನಾನೆಂದೂ ಹೇಳುವುದಿಲ್ಲ ಎಂದಳು. ಮನೆಯವರ ಬಾಯಿಂದ ಇದಕ್ಕಿಂತ ದೊಡ್ಡದೇನನ್ನೂ ನಾನು ನಿರೀಕ್ಷಿಸಿರಲಿಲ್ಲ.

ಯಾರಲ್ಲಿಗೆ ಹೋಗಬೇಕೆಂದು ತಿಳಿಯದವರು ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಗೆ, ಅಂದರೆ 14416ಕ್ಕೆ, ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು. ಕನ್ನಡದಲ್ಲಿ ಮಾತನಾಡುವವರು ಸಿಗುತ್ತಾರೆ. ನನ್ನ ವಿಷಯ ಹೇಳುವುದಾದರೆ, ನಿದ್ದೆ ಕೆಡುವ ರಾತ್ರಿಗಳು ಈಗಲೂ ಬರುತ್ತವೆ. ವೈದ್ಯರು ಮಾತ್ರೆಯ ಪ್ರಮಾಣವನ್ನು ನಿಧಾನವಾಗಿ ಇಳಿಸುತ್ತಿದ್ದಾರೆ, ಥೆರಪಿಸ್ಟ್ ಅವರನ್ನು ದೀಪಾವಳಿ ಕಳೆದ ಮೇಲೊಮ್ಮೆ ನೋಡಬೇಕು. ಅಕ್ಕನ ಮಗಳ ಮದುವೆಗೆ ಈ ಬಾರಿ ಹಿಂದಿನ ದಿನವೇ ಬರುತ್ತೇನೆ.