ಹೆಲ್ಮೆಟ್ ಮತ್ತು ಕೂದಲು: ತಮ್ಮನ ಮಗನಿಗೆ ಬರೆದ ಪತ್ರ

ಬೇತಮಂಗಲ,
ಭಾನುವಾರ

ಚಿರಂಜೀವಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು. ನಾವಿಲ್ಲಿ ಕ್ಷೇಮವಾಗಿದ್ದೇವೆ. ನಿನ್ನ ದೊಡ್ಡಮ್ಮನ ಮಂಡಿನೋವು ಈಗ ಸ್ವಲ್ಪ ಇಳಿದಿದೆ.

ಕಳೆದ ವಾರ ನಿನ್ನ ತಾಯಿ ಫೋನಿನಲ್ಲಿ ಹೇಳಿದ ಒಂದು ಮಾತು ನನ್ನ ನಿದ್ದೆಗೆಡಿಸಿದೆ. ಬಂಗಾರಪೇಟೆಯಿಂದ ನರಸಾಪುರದ ಕಾರ್ಖಾನೆಗೆ ದಿನವೂ ಬೈಕಿನಲ್ಲಿ ಹೋಗಿಬರುವ ನೀನು, ಹೆಲ್ಮೆಟ್ಟಿನಿಂದಲೇ ಕೂದಲು ಉದುರುತ್ತಿದೆಯೆಂದು ಅದನ್ನು ಮೊಣಕೈಗೆ ನೇತುಹಾಕಿಕೊಂಡು ಹೋಗುತ್ತೀಯಂತೆ. ಕೋಲಾರದ ಬಳಿ ಹೆದ್ದಾರಿಯಲ್ಲಿ ಪೊಲೀಸರು ಕಂಡಾಗ ಮಾತ್ರ ತಲೆಗೇರಿಸಿ, ಅವರನ್ನು ದಾಟಿದೊಡನೆ ಮತ್ತೆ ತೆಗೆಯುತ್ತೀಯಂತೆ. ಇದನ್ನು ಫೋನಿನಲ್ಲೇ ಮಾತಾಡಬಹುದಿತ್ತು. ಆದರೆ ಫೋನಿನಲ್ಲಿ ನೀನು ‘ಆಯಿತು ದೊಡ್ಡಪ್ಪ’ ಎಂದು ಮುಗಿಸಿಬಿಡುತ್ತೀಯೆಂದು ನನಗೆ ಗೊತ್ತು. ಕಾಗದವಾದರೆ ಎರಡು ಸಲ ಓದುತ್ತೀಯ.

ತಲೆಯ ಮೇಲೆ ಗಟ್ಟಿ ಟೋಪಿ ಹೊತ್ತು ದುಡಿದವನ ಮಾತೆಂದು ಇದನ್ನು ಕೇಳು. ನಾನು ಕೆ.ಜಿ.ಎಫ್. ಗಣಿಯಲ್ಲಿ 1974ರಿಂದ 2001ರ ಫೆಬ್ರವರಿಯಲ್ಲಿ ಗಣಿ ಮುಚ್ಚುವವರೆಗೆ ಕೆಲಸ ಮಾಡಿದೆ. ಚಾಂಪಿಯನ್ ರೀಫ್ ಗಣಿಯ ಆಳ ಮೂರು ಕಿಲೋಮೀಟರಿಗೂ ಹೆಚ್ಚು. ತೀರಾ ಕೆಳಗಿನ ಬಂಡೆಯ ಬಿಸಿ ಅರವತ್ತು ಡಿಗ್ರಿ ಸೆಲ್ಸಿಯಸ್ಸನ್ನು ಮೀರುತ್ತಿತ್ತು. ತಣ್ಣನೆಯ ಗಾಳಿ ಬಿಡುತ್ತಿದ್ದರೂ ಒಂದು ಪಾಳಿ ಮುಗಿಯುವಷ್ಟರಲ್ಲಿ ಹೆಲ್ಮೆಟ್ಟಿನ ಪಟ್ಟಿಯಿಂದ ಬೆವರು ಹಿಂಡಿ ತೆಗೆಯುವಷ್ಟು ಇರುತ್ತಿತ್ತು. ಹಾಗೆ ದಿನಕ್ಕೆ ಎಂಟು ಗಂಟೆ, ವರ್ಷಾನುಗಟ್ಟಲೆ, ಒಂದೇ ಬಗೆಯ ಹೆಲ್ಮೆಟ್ ಹಾಕಿದವರ ಗುಂಪಿನಲ್ಲಿ ಮೂವತ್ತರೊಳಗೇ ನೆತ್ತಿ ಬೋಳಾದವರಿದ್ದರು, ನಿವೃತ್ತಿಯವರೆಗೂ ಕುದುರೆಯ ಬಾಲದಂಥ ದಟ್ಟ ಕೂದಲು ಉಳಿಸಿಕೊಂಡವರೂ ಇದ್ದರು. ಹೆಲ್ಮೆಟ್ಟೇ ಕಾರಣವಾಗಿದ್ದರೆ ಈ ಭೇದ ಎಲ್ಲಿಂದ ಬರಬೇಕಿತ್ತು? ಇನ್ನೊಂದು ಸಂಗತಿಯನ್ನು ನಾನು ಕಣ್ಣಾರೆ ಕಂಡಿದ್ದೇನೆ. ಗಣಿ ಮುಚ್ಚಿದ ಮೇಲೆ ನಮ್ಮಲ್ಲಿ ಬಹುತೇಕರು ಮತ್ತೆ ಹೆಲ್ಮೆಟ್ ಮುಟ್ಟಲಿಲ್ಲ; ಆದರೂ ಯಾರ ಮನೆತನದಲ್ಲಿ ಬೋಳುತಲೆ ಇತ್ತೋ ಅವರ ಕೂದಲು ಹೋಗುವುದು ನಿಲ್ಲಲಿಲ್ಲ.

ನಿನ್ನ ಅಜ್ಜನನ್ನೇ ನೆನಪಿಸಿಕೊ. ಅವರು ಜೀವಮಾನದಲ್ಲಿ ಹೆಲ್ಮೆಟ್ ಕಂಡವರಲ್ಲ. ಹೊಲದಲ್ಲಿ ಸಡಿಲವಾಗಿ ಸುತ್ತಿದ ಹತ್ತಿಯ ರುಮಾಲು, ಮಧ್ಯಾಹ್ನ ಅದನ್ನು ಬಿಚ್ಚಿ ಹೊಂಗೆಯ ಕೊಂಬೆಗೆ ಹರವುವುದು, ಇಷ್ಟೇ ಅವರ ತಲೆಯ ಉಡುಪು. ಆದರೂ ನಲವತ್ತಕ್ಕೆ ಅವರ ನೆತ್ತಿ ಪೂರ್ತಿ ಬೋಳಾಗಿತ್ತು. ನಿನ್ನ ತಾಯಿಯ ತಂದೆಯದ್ದೂ ಅದೇ ಕಥೆ. ಗಂಡಸರ ಬೋಳುತಲೆಗೆ ಮುಖ್ಯ ಕಾರಣ ವಂಶಗುಣ ಮತ್ತು ಹಾರ್ಮೋನು. ಟೆಸ್ಟೋಸ್ಟೆರೋನ್ ಎಂಬ ಹಾರ್ಮೋನು ದೇಹದಲ್ಲಿ ಡಿ.ಎಚ್.ಟಿ. ಎಂಬ ರೂಪಕ್ಕೆ ತಿರುಗಿ, ಅದಕ್ಕೆ ಸುಲಭವಾಗಿ ಸೋಲುವ ಕೂದಲಿನ ಬೇರುಗಳನ್ನು ವರ್ಷದಿಂದ ವರ್ಷಕ್ಕೆ ಕುಗ್ಗಿಸುತ್ತದೆ. ಕೂದಲು ಪ್ರತಿ ಸಲ ಮೊದಲಿಗಿಂತ ತೆಳ್ಳಗೆ, ಮೊದಲಿಗಿಂತ ಗಿಡ್ಡಗೆ ಹುಟ್ಟುತ್ತದೆ. ಈ ಗುಣ ತಂದೆಯ ಕಡೆಯಿಂದಲೂ ಬರುತ್ತದೆ, ತಾಯಿಯ ಕಡೆಯಿಂದಲೂ ಬರುತ್ತದೆ. ನಿನಗೆ ಎರಡೂ ಕಡೆ ಇದೆ, ಮಗು. ಇದನ್ನು ಮುಚ್ಚಿಟ್ಟು ಹೇಳಿದರೆ ನಿನಗೆ ಉಪಕಾರವಾಗುವುದಿಲ್ಲ.

‘ತಲೆಗೆ ಉಸಿರಾಡಲು ಗಾಳಿ ಬೇಕು’ ಎಂದು ನಿನ್ನ ಗೆಳೆಯರು ಹೇಳುತ್ತಾರಂತೆ. ಚರ್ಮದಿಂದ ಹೊರಗೆ ಕಾಣುವ ಕೂದಲು ಉಗುರಿನಂತೆ ಜೀವವಿಲ್ಲದ ವಸ್ತು. ಜೀವವಿರುವುದು ಚರ್ಮದೊಳಗಿನ ಬೇರಿಗೆ. ಅದಕ್ಕೆ ಆಮ್ಲಜನಕವೂ ಆಹಾರವೂ ರಕ್ತದಿಂದ ಸಿಗುತ್ತವೆಯೇ ಹೊರತು ಹೊರಗಿನ ಗಾಳಿಯಿಂದಲ್ಲ. ಗಾಳಿ ಬೇಕಾಗಿರುವುದು ಬೆವರು ಆರುವುದಕ್ಕೆ.

ಹೆಲ್ಮೆಟ್ ತೆಗೆದಾಗ ಒಳಗೆ ಕೂದಲು ಅಂಟಿರುವುದನ್ನು ಕಂಡು ನೀನು ಹೆದರಿದ್ದೀಯ. ನಮ್ಮ ತಲೆಯಲ್ಲಿ ಸುಮಾರು ಒಂದು ಲಕ್ಷ ಕೂದಲಿದ್ದು, ಆರೋಗ್ಯವಂತನಿಗೂ ದಿನಕ್ಕೆ ಐವತ್ತರಿಂದ ನೂರು ಉದುರುತ್ತವೆ. ಹೊಲದ ಬದುವಿನ ಮರದ ಎಲೆ ಉದುರಿದರೆ ಯಾರೂ ಎಣಿಸುವುದಿಲ್ಲ, ಅದೇ ಅಂಗಳದಲ್ಲಿ ಉದುರಿದರೆ ಗುಡಿಸುವವಳ ಕಣ್ಣಿಗೆ ರಾಶಿಯಾಗಿ ಕಾಣುತ್ತದೆ. ದಾರಿಯಲ್ಲಿ, ಬಚ್ಚಲಲ್ಲಿ, ಕಾರ್ಖಾನೆಯಲ್ಲಿ ಚೆಲ್ಲಿಹೋಗಬೇಕಾದ ಕೂದಲು ಹೆಲ್ಮೆಟ್ಟಿನ ಕಪ್ಪು ಬಟ್ಟೆಯಲ್ಲಿ ಒಂದೆಡೆ ಸಿಕ್ಕಿಕೊಳ್ಳುತ್ತದೆ, ಅಷ್ಟೇ.

ಆ ಕೂದಲನ್ನು ಎಸೆಯುವ ಮೊದಲು ಬಿಳಿಯ ಕಾಗದದ ಮೇಲಿಟ್ಟು ಬೆಳಕಿನಲ್ಲಿ ನೋಡು. ತುದಿಯಲ್ಲಿ ಸಣ್ಣ ಬಿಳಿಯ ಗುಂಡಿನಂಥದ್ದು ಕಂಡರೆ ಅದು ತನ್ನ ಕಾಲ ಮುಗಿಸಿ ಬೇರಿನಿಂದ ಕಳಚಿದ ಕೂದಲು. ಗುಂಡಿಲ್ಲದೆ ಎರಡೂ ತುದಿ ತುಂಡಾದಂತಿದ್ದು ಗಿಡ್ಡವಾಗಿದ್ದರೆ ಅದು ಉಜ್ಜಾಟದಿಂದ ಮುರಿದದ್ದು; ಅಂಥ ಕೂದಲಿಗೆ ಹೆಲ್ಮೆಟ್ ಕಾರಣವಿರಬಹುದು, ಆದರೆ ಬೇರು ಉಳಿದಿರುವುದರಿಂದ ಅದು ಮತ್ತೆ ಬೆಳೆಯುತ್ತದೆ. ಹಣೆಯ ಎರಡು ಮೂಲೆಗಳಲ್ಲಿ ಹತ್ತಿಯ ಎಳೆಯಷ್ಟು ತೆಳ್ಳನೆಯ ಕೂದಲು ಹೆಚ್ಚುತ್ತಿದ್ದರೆ ಅದು ಅಜ್ಜಂದಿರ ಬಳುವಳಿ.

ಯುಗಾದಿಯ ಹೊತ್ತಿಗೆ ನಿನಗೆ ಡೆಂಗಿ ಜ್ವರ ಬಂದು ಹತ್ತು ದಿನ ಮಲಗಿದ್ದೆಯಲ್ಲ, ಅದನ್ನು ನೀನು ಲೆಕ್ಕಕ್ಕೆ ತೆಗೆದುಕೊಂಡಿಲ್ಲವೆಂದು ನನಗನ್ನಿಸುತ್ತದೆ. ದೊಡ್ಡ ಜ್ವರ, ಶಸ್ತ್ರಚಿಕಿತ್ಸೆ, ತೀವ್ರ ಆಘಾತ ಇವು ಬಂದಾಗ ಬೆಳೆಯುತ್ತಿದ್ದ ಬಹಳಷ್ಟು ಕೂದಲು ಒಮ್ಮೆಗೇ ವಿಶ್ರಾಂತಿಗೆ ಹೋಗುತ್ತದೆ. ಆ ವಿಶ್ರಾಂತಿಯ ಕಾಲ ಎರಡು ಮೂರು ತಿಂಗಳು. ಅದು ಮುಗಿದಾಗ, ಜ್ವರ ಮರೆತುಹೋದ ಮೇಲೆ, ದಿಂಬಿನ ತುಂಬ ಕೂದಲು. ಈಗ ಆಷಾಢ. ಲೆಕ್ಕ ನೀನೇ ಹಾಕು. ಇಂಥ ಉದುರುವಿಕೆ ಸಾಮಾನ್ಯವಾಗಿ ಆರು ತಿಂಗಳೊಳಗೆ ತಾನಾಗಿ ಇಳಿಯುತ್ತದೆ, ಬೇರಿಗೆ ಏನೂ ಆಗಿರುವುದಿಲ್ಲ. ಆ ಸಮಯದಲ್ಲಿ ಬೇಕಾದದ್ದು ಹೊಟ್ಟೆಗೆ ಸರಿಯಾದ ಊಟ: ಮುದ್ದೆಯ ಜೊತೆ ಸೊಪ್ಪಿನ ಸಾರು, ಕಾಳು, ಮೊಟ್ಟೆ. ಪಾಳಿಯ ಕೆಲಸವೆಂದು ನೀನು ಬನ್ನು ಮತ್ತು ಟೀಯಲ್ಲಿ ಹೊತ್ತು ಕಳೆಯುತ್ತಿದ್ದರೆ ಅದರ ತಪ್ಪನ್ನು ಹೆಲ್ಮೆಟ್ಟಿನ ಮೇಲೆ ಹಾಕಬೇಡ.

ಹಾಗೆಂದು ತಲೆಯುಡುಪಿನಿಂದ ಯಾವ ತೊಂದರೆಯೂ ಇಲ್ಲವೆಂದು ನಾನು ಹೇಳುತ್ತಿಲ್ಲ. ಕೊಳೆಯಿಂದ ಆಗುವ ತೊಂದರೆಯನ್ನು ನಾನೇ ಅನುಭವಿಸಿದ್ದೇನೆ. ಒಮ್ಮೆ ನನ್ನ ಹೆಲ್ಮೆಟ್ಟಿನ ಒಳಪಟ್ಟಿ ಕಿತ್ತುಹೋಗಿ, ಹೊಸದು ಬರುವವರೆಗೆ ಬೇರೆ ಪಾಳಿಯವರೊಬ್ಬರದ್ದನ್ನು ಎರಡು ವಾರ ಹಾಕಿಕೊಂಡೆ. ಅವರ ಬೆವರಿನ ಮೇಲೆ ನನ್ನ ಬೆವರು. ಪಟ್ಟಿ ಒಂದು ದಿನವೂ ಒಣಗಲಿಲ್ಲ. ಮೊದಲು ತುರಿಕೆ, ಆಮೇಲೆ ಹಿಂಗತ್ತಿನ ಕೂದಲಿನ ಬುಡದಲ್ಲಿ ಕೀವು ತುಂಬಿದ ಗುಳ್ಳೆಗಳು. ಅದನ್ನು ನಾನು ಉಗುರಿನಿಂದ ಕೆರೆದು ಇನ್ನಷ್ಟು ಕೆಡಿಸಿಕೊಂಡೆ. ಮಾಯಲು ಒಂದು ತಿಂಗಳು ಹಿಡಿಯಿತು, ಹುಣ್ಣು ಆಳಕ್ಕೆ ಹೋಗಿದ್ದ ಒಂದೆಡೆ ಕಾಸಿನಗಲ ಕೂದಲು ಇಂದಿಗೂ ಬಂದಿಲ್ಲ. ಕೂದಲಿನ ಬುಡಕ್ಕೆ ಬ್ಯಾಕ್ಟೀರಿಯಾ ಸೇರಿದರೆ ಹೀಗಾಗುತ್ತದೆಂದು ಆಗ ವೈದ್ಯರು ತಿಳಿಸಿದರು. ತಲೆಹೊಟ್ಟಿನ ವಿಷಯವೂ ಇದಕ್ಕೆ ಹತ್ತಿರವೇ. ಮಲಸೇಜಿಯಾ ಎಂಬ ಶಿಲೀಂಧ್ರ ಎಲ್ಲರ ನೆತ್ತಿಯಲ್ಲೂ ಇರುತ್ತದೆ. ಚರ್ಮದ ಜಿಡ್ಡೇ ಅದರ ಆಹಾರ. ಬಿಸಿ, ತೇವ, ಜಿಡ್ಡು ಮೂರೂ ಕೂಡಿದ ಮುಚ್ಚಿದ ಜಾಗದಲ್ಲಿ ಅದು ಹೆಚ್ಚಿ, ಹೊಟ್ಟು ಮತ್ತು ತುರಿಕೆಯನ್ನು ತರುತ್ತದೆ. ಆದ್ದರಿಂದಲೇ ಬೆಳಿಗ್ಗೆ ತಲೆಗೆ ಎಣ್ಣೆ ಮೆತ್ತಿಕೊಂಡು ಅದರ ಮೇಲೆ ಹೆಲ್ಮೆಟ್ ಹಾಕುವ ಅಭ್ಯಾಸವನ್ನು ಬಿಡಬೇಕು. ಎಣ್ಣೆ ಹಚ್ಚುವುದಾದರೆ ರಜೆಯ ದಿನ ಹಚ್ಚಿ, ಒಂದೆರಡು ಗಂಟೆಯಲ್ಲಿ ತೊಳೆದುಬಿಡು.

ಎಳೆತದಿಂದ ಆಗುವ ತೊಂದರೆ ಇದಕ್ಕಿಂತ ಗಂಭೀರ. ಇದನ್ನು ನಿನ್ನ ಅಕ್ಕನಿಗೂ ಓದಿಹೇಳು, ಏಕೆಂದರೆ ಹೋದ ಸಲ ಬಂದಾಗ ಅವಳ ಕಿವಿಯ ಮೇಲ್ಭಾಗದಲ್ಲಿ ಕೂದಲು ತೆಳುವಾಗಿದ್ದದ್ದನ್ನು ನೋಡಿದೆ. ಕೂದಲನ್ನು ಬಿಗಿಯಾಗಿ ಎಳೆದು ಮೇಲೆ ಗಂಟು ಕಟ್ಟಿ, ಆ ಗಂಟಿನ ಮೇಲೆ ಸ್ಕೂಟರಿನ ಹೆಲ್ಮೆಟ್ ಒತ್ತಿದರೆ ಹಣೆಯಂಚಿನ ಮತ್ತು ಕಿವಿಯ ಮೇಲ್ಭಾಗದ ಬೇರುಗಳು ದಿನವಿಡೀ ಎಳೆತದಲ್ಲೇ ಇರುತ್ತವೆ. ಪೇಟದೊಳಗೆ ಕೂದಲನ್ನು ಬಿಗಿಯಾಗಿ ಗಂಟು ಹಾಕುವ ಸಿಖ್ಖರಲ್ಲಿಯೂ ವೈದ್ಯರು ಇದೇ ಬಗೆಯ ನಷ್ಟವನ್ನು ಗುರುತಿಸಿದ್ದಾರೆ. ಅಲ್ಲಿ ದೋಷ ಪೇಟದ ಬಟ್ಟೆಯದ್ದಲ್ಲ, ಒಳಗಿನ ಎಳೆತದ್ದು. ಬೇಗ ಸಡಿಲಿಸಿದರೆ ಕೂದಲು ಮರಳುತ್ತದೆ, ವರ್ಷಗಟ್ಟಲೆ ಎಳೆದರೆ ಬೇರು ಸತ್ತು ಆ ಜಾಗ ಶಾಶ್ವತವಾಗಿ ಬೋಳಾಗುತ್ತದೆ. ಅವಳು ಕತ್ತಿನ ಬಳಿ ಸಡಿಲವಾಗಿ ಜಡೆ ಹೆಣೆದು ಬೆನ್ನಿಗೆ ಬಿಡಲಿ.

ಇನ್ನು ನೀನು ಮಾಡಬೇಕಾದದ್ದು. ಹುಬ್ಬಿನ ಮೇಲ್ಗಡೆ ತಲೆಯ ಸುತ್ತಳತೆಯನ್ನು ಟೇಪಿನಿಂದ ಅಳೆದು ಅದಕ್ಕೆ ಹೊಂದುವ, ಐ.ಎಸ್.ಐ. ಗುರುತು ಮತ್ತು 4151 ಎಂಬ ಸಂಖ್ಯೆಯಿರುವ ಹೆಲ್ಮೆಟ್ಟನ್ನೇ ತೆಗೆದುಕೊ. ತಲೆ ಅಲ್ಲಾಡಿಸಿದರೆ ಅದು ಪ್ರತ್ಯೇಕವಾಗಿ ತಿರುಗಬಾರದು. ಹಾಗೆಯೇ ಕಳಚಿದಾಗ ಹಣೆಯಲ್ಲಿ ನೋಯುವ ಕೆಂಪು ಬರೆ ಉಳಿಯಲೂಬಾರದು. ಸಡಿಲವಾದದ್ದು ದಾರಿಯುದ್ದಕ್ಕೂ ಕೂದಲನ್ನು ಉಜ್ಜುತ್ತದೆ, ಜೀವವನ್ನೂ ಕಾಯುವುದಿಲ್ಲ. ಒಳಗೆ ತೆಳ್ಳನೆಯ ಹತ್ತಿಯ ಟೋಪಿ ಹಾಕಿಕೊಂಡು ಅದನ್ನು ದಿನವೂ ಒಗೆ. ಬಿಚ್ಚಲು ಬರುವ ಒಳಮೆತ್ತೆಯನ್ನು ವಾರಕ್ಕೊಮ್ಮೆ ಬೆಚ್ಚನೆಯ ನೀರು, ಸ್ವಲ್ಪ ಶಾಂಪೂ ಹಾಕಿ ತೊಳೆದು ನೆರಳಿನ ಗಾಳಿಯಲ್ಲಿ ಪೂರ್ತಿ ಒಣಗಿಸು; ಒಳಗಿನ ಥರ್ಮೋಕೋಲಿಗೆ ಪೆಟ್ರೋಲು, ಥಿನ್ನರ್ ಸೋಕಿಸಬೇಡ, ಅದು ಕರಗಿ ಹಾಳಾಗುತ್ತದೆ. ಕಾರ್ಖಾನೆ ಸೇರಿದ ಮೇಲೆ ಹೆಲ್ಮೆಟ್ಟನ್ನು ಬೈಕಿನ ಪೆಟ್ಟಿಗೆಯಲ್ಲಿ ಮುಚ್ಚಿಡದೆ ಗಾಳಿಯಾಡುವ ಕಡೆ ಮಗುಚಿಡು. ಒದ್ದೆ ಕೂದಲು ಸುಲಭವಾಗಿ ಹಿಗ್ಗಿ ಮುರಿಯುವುದರಿಂದ ಸ್ನಾನದ ಹತ್ತು ನಿಮಿಷಕ್ಕೇ ಹೆಲ್ಮೆಟ್ ಹಾಕದೆ, ಬೇಕಾದರೆ ಹಿಂದಿನ ರಾತ್ರಿಯೇ ತಲೆಗೆ ಸ್ನಾನ ಮಾಡು. ಯಾರ ಹೆಲ್ಮೆಟ್ಟನ್ನೂ ಹಾಕಬೇಡ, ನಿನ್ನದನ್ನೂ ಕೊಡಬೇಡ.

ನಮ್ಮ ಜಿಲ್ಲೆಯ ಬೋರ್‌ವೆಲ್ ನೀರನ್ನು ದೂರುವವರೂ ಇದ್ದಾರೆ. ಆ ಗಡಸು ನೀರಿನಲ್ಲಿ ಸೋಪು ನೊರೆ ಬಿಡದೆ ಕೂದಲಿನ ಮೇಲೆ ಪದರವಾಗಿ ಕೂರುತ್ತದೆ, ಕೂದಲು ಒರಟಾಗಿ ಸಿಕ್ಕುಗಟ್ಟಿ ಮುರಿಯುತ್ತದೆ; ಬೇರನ್ನು ಅದು ಮುಟ್ಟುವುದಿಲ್ಲ. ಸೋಪು ಬಿಟ್ಟು ಶಾಂಪೂ ಬಳಸಿ, ಸಾಧ್ಯವಾದರೆ ಕೊನೆಯ ಎರಡು ಚೊಂಬು ಮಳೆನೀರನ್ನು ಸುರಿದುಕೊ, ಸಾಕು.

ಹೊಟ್ಟು ಬಿಡದಿದ್ದರೆ, ಗುಳ್ಳೆ ಎದ್ದರೆ, ಗುಂಡಗೆ ಒಂದೆಡೆ ಕೂದಲು ಹೋದರೆ ಕೋಲಾರದ ಎಸ್.ಎನ್.ಆರ್. ಜಿಲ್ಲಾ ಆಸ್ಪತ್ರೆಯಲ್ಲಿ ಚರ್ಮದ ವೈದ್ಯರನ್ನು ಕಾಣು. ಹಣೆಯ ಮೂಲೆಗಳ ವಿಷಯವನ್ನೂ ಅವರಿಗೆ ತೋರಿಸು. ವಂಶದ ಬೋಳುತನವನ್ನು ನಿಧಾನಗೊಳಿಸಲು ಮಿನಾಕ್ಸಿಡಿಲ್‌ನಂಥ ಔಷಧಗಳಿವೆ. ಬೇಗ ಆರಂಭಿಸಿದಷ್ಟೂ ಉಳಿಯುವುದು ಹೆಚ್ಚು, ಆದರೆ ಫಲ ಕಾಣಲು ನಾಲ್ಕಾರು ತಿಂಗಳು ಬೇಕು, ನಿಲ್ಲಿಸಿದರೆ ಫಲವೂ ನಿಲ್ಲುತ್ತದೆ. ಇದನ್ನು ವೈದ್ಯರ ಮಾತಿನಂತೆ ಮಾಡು. ಒಂದೇ ತಿಂಗಳಿನಲ್ಲಿ ಕೂದಲು ಬರಿಸುವೆನೆಂದು ಮೊಬೈಲಿನಲ್ಲಿ ಎಣ್ಣೆ ಮಾರುವವರಿಗೆ ನಿನ್ನ ಸಂಬಳದ ಒಂದು ರೂಪಾಯಿಯನ್ನೂ ಕೊಡಬೇಡ.

ಹೆಲ್ಮೆಟ್ ಧರಿಸಿದ ಬೈಕ್ ಸವಾರರಲ್ಲಿ ಅಪಘಾತದಲ್ಲಿ ಸಾಯುವ ಸಂಭವ ಶೇಕಡ 42ರಷ್ಟು, ತಲೆಗೆ ಗಾಯವಾಗುವ ಸಂಭವ ಶೇಕಡ 69ರಷ್ಟು ಕಡಿಮೆಯೆಂದು ಸಂಶೋಧಕರು ಲೆಕ್ಕ ಹಾಕಿದ್ದಾರೆ. ನನಗೆ ಈ ಅಂಕಿಗಳಿಗಿಂತ ಹೆಚ್ಚಾಗಿ ನೆನಪಾಗುವುದು ಬೇರೆಯೇ. ನಮ್ಮ ಗಣಿಯಲ್ಲಿ ಬಂಡೆ ಸಿಡಿಯುವುದು ಹೊಸತಲ್ಲ. ಒಂದು ರಾತ್ರಿಪಾಳಿಯಲ್ಲಿ ನನ್ನಿಂದ ನಾಲ್ಕು ಹೆಜ್ಜೆ ಮುಂದಿದ್ದವನ ತಲೆಯ ಮೇಲೆ ಚಾವಣಿಯಿಂದ ತೆಂಗಿನಕಾಯಿ ಗಾತ್ರದ ಕಲ್ಲು ಬಿತ್ತು. ಹೆಲ್ಮೆಟ್ ಎರಡು ಹೋಳಾಯಿತು. ಅವನು ಅಲ್ಲೇ ಕುಳಿತು ನೀರು ಕೇಳಿದ. ಬೋಳುತಲೆಯ ಮನುಷ್ಯ ಅವನು, ಆಮೇಲೆ ಮೂವತ್ತು ವರ್ಷ ಬದುಕಿ ಮೊಮ್ಮಕ್ಕಳನ್ನು ಎತ್ತಿ ಆಡಿಸಿದ. ಕೋಲಾರದಿಂದ ನರಸಾಪುರದವರೆಗೆ ನಿನ್ನ ಪಕ್ಕದಲ್ಲೇ ಲಾರಿಗಳು ಹಾಯುವ ಹೆದ್ದಾರಿಯಲ್ಲಿ ಮೊಣಕೈಗೆ ನೇತುಬಿದ್ದ ಹೆಲ್ಮೆಟ್ಟನ್ನು ನೆನೆದಾಗಲೆಲ್ಲ ನನಗೆ ಆ ರಾತ್ರಿ ಕಣ್ಣಮುಂದೆ ಬರುತ್ತದೆ.

ನಿನ್ನ ದೊಡ್ಡಮ್ಮ ನನ್ನ ಹಳೆಯ ಪಂಚೆಯನ್ನು ಕತ್ತರಿಸಿ ಆರು ಒಳಟೋಪಿ ಹೊಲಿದಿದ್ದಾಳೆ, ಕಾರ್ಖಾನೆಯ ವಾರಕ್ಕೆ ದಿನಕ್ಕೊಂದರಂತೆ. ಹೊಲಿಗೆಯ ಗಂಟು ತಲೆಗೆ ಒತ್ತದಿರಲೆಂದು ಎಲ್ಲವನ್ನೂ ಹೊರಮೈಗೆ ತಿರುಗಿಸಿದ್ದಾಳೆ. ನಿನ್ನ ತಂದೆ ಬುಧವಾರ ಇತ್ತ ಬಂದಾಗ ಕೊಟ್ಟು ಕಳಿಸುತ್ತೇನೆ. ಮುಂದಿನ ಭಾನುವಾರ ನೀನೇ ಬಾ, ಹೆಲ್ಮೆಟ್ಟನ್ನು ತಲೆಯ ಮೇಲೆ ಹಾಕಿಕೊಂಡೇ ಬಾ. ಒಳಮೆತ್ತೆ ಬಿಚ್ಚಿ ತೊಳೆಯುವುದನ್ನು ಒಮ್ಮೆ ಜೊತೆಯಲ್ಲಿ ಮಾಡೋಣ.

ಇಂತಿ,
ನಿನ್ನ ದೊಡ್ಡಪ್ಪ