ವರ್ಸೇಲ್ಸ್ ತೋಟದ ಮೂರ್ತಿಗಳನ್ನು ಗುರುತಿಸುವ ಬಗೆ

ವರ್ಸೇಲ್ಸ್, ಫ್ರಾನ್ಸ್

ತೀರ್ಥರೂಪ ಅಪ್ಪನವರಿಗೆ ಮಗಳು ಬೇಡುವ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ.

ನಾನು ಕಳಿಸಿದ ವರ್ಸೇಲ್ಸ್ ಅರಮನೆ ತೋಟದ ಮೂರ್ತಿಯ ಫೋಟೋದಲ್ಲಿ ಬಾಯಿಗೆ ಪಟ್ಟಿ ಕಟ್ಟಿಕೊಂಡಿರುವವನು ಯಾರೆಂದು ಕೇಳಿದ್ದಿರಿ. ಅವನು ರಾಜನೂ ಅಲ್ಲ, ದೇವರೂ ಅಲ್ಲ. ವಿಷಣ್ಣ ಸ್ವಭಾವಕ್ಕೆ ಕೊಟ್ಟ ರೂಪ. ಪಟ್ಟಿ ಎಂದರೆ ಮೌನ, ಪುಸ್ತಕ ಎಂದರೆ ಓದಿನ ಗೀಳು, ಬಾಯಿ ಬಿಗಿದ ಹಣದ ಚೀಲ ಜಿಪುಣತನ. ನಮ್ಮಲ್ಲಿ ಆಯುಧ, ವಾಹನ ನೋಡಿ ದೇವರನ್ನು ಗುರುತಿಸುವುದಿಲ್ಲವೇ, ಹಾಗೆಯೇ ಇದು. ಮೊದಲು ಕೈ, ಆಮೇಲೆ ತಲೆ, ಕೊನೆಗೆ ಕಾಲಡಿ ನೋಡಬೇಕು. ಮುಖಭಾವ ನೋಡಿದರೆ ಏನೂ ತಿಳಿಯದು. ಕಾಲ ಬಳಿ ಆಮೆಯಿದ್ದರೆ ಮಂದ ಸ್ವಭಾವ, ಸಿಂಹವಿದ್ದರೆ ಕೋಪಿಷ್ಠ. ಆದರೆ ಆಫ್ರಿಕಾ ಖಂಡದ ಹೆಣ್ಣುಮೂರ್ತಿಗೂ ಸಿಂಹವಿದೆ. ಅವಳ ತಲೆಯ ಮೇಲೆ ಆನೆತಲೆಯ ಆಕಾರದ ಟೊಪ್ಪಿಗೆಯಿರುತ್ತದೆ. ಗಾಳಿಯ ಮೂರ್ತಿಗೆ ಹದ್ದಿನ ಜೊತೆ ಗೋಸುಂಬೆ, ಯಾಕೆಂದರೆ ಅದು ಗಾಳಿ ಕುಡಿದೇ ಬದುಕುತ್ತದೆಂದು ಆಗ ನಂಬಿದ್ದರು.

ಈ ಗುರುತುಗಳೆಲ್ಲ ಬಹುಪಾಲು ಚೇಸರೆ ರೀಪಾ ಎಂಬ ಇಟಲಿಯವನು 1593ರಲ್ಲಿ ಅಚ್ಚು ಹಾಕಿಸಿದ ಕೈಪಿಡಿಯಿಂದ ಬಂದವು. ಅದನ್ನು ಹಿಡಿದು ಫ್ರಾನ್ಸ್ ರಾಜನ ಆಸ್ಥಾನದ ಚಿತ್ರಕಾರ ಲೆ ಬ್ರನ್ 1674ರಲ್ಲಿ 24 ಮೂರ್ತಿಗಳನ್ನು ಯೋಜಿಸಿದ: ಋತು, ಭೂತ (ನೀರು, ಗಾಳಿಯಂಥವು), ದಿನದ ಹೊತ್ತು, ಖಂಡ, ಸ್ವಭಾವ, ಕಾವ್ಯಪ್ರಕಾರ, ಒಂದೊಂದರಲ್ಲೂ ನಾಲ್ಕು. (ಭೂತಗಳೂ ನಾಲ್ಕೇ, ಇಲ್ಲಿ ಆಕಾಶಕ್ಕೆ ಲೆಕ್ಕವಿಲ್ಲ!) ಅರಮನೆ ಮುಂದಿನ ಕೊಳಗಳ ಸುತ್ತ ಒಟ್ಟಿಗೆ ನಿಲ್ಲಬೇಕಿದ್ದವು. ಯೋಜನೆ ಬದಲಾಗಿ ತೋಟದಲ್ಲಿ ಚದುರಿಹೋದವು, ಹಾಗಾಗಿ ಅಕ್ಕಪಕ್ಕದವರನ್ನು ನೋಡಿ ಗುರುತಿಸಲು ಹೋದರೆ ಮೋಸ ಹೋಗುತ್ತೇವೆ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಚೆನ್ನಾಗಿರುವುದು ಶಿಲ್ಪಿ ಜಿರಾರ್ದೋನ್ ಕಡೆದ ಚಳಿಗಾಲದ ಮೂರ್ತಿ: ಬಟ್ಟೆ ಬಿಗಿದು ಹೊದ್ದ ಮುದುಕ, ಕಾಲ ಬಳಿ ಅಗ್ಗಿಷ್ಟಿಕೆ.

ಕಲ್ಲು ಅಮೃತಶಿಲೆ. ಬಿಸಿಲಿಗೆ ಅದರ ಹರಳುಗಳು ಒಂದು ದಿಕ್ಕಿಗೆ ಹಿಗ್ಗಿ ಇನ್ನೊಂದಕ್ಕೆ ಕುಗ್ಗುತ್ತವೆ, ಹಿಡಿತ ಸಡಿಲವಾಗಿ ಮೈ ಸಕ್ಕರೆಯಂತೆ ಉದುರುತ್ತದೆ. ಆ ಸಂದಿಗೆ ಇಳಿದ ನೀರು ಹೆಪ್ಪುಗಟ್ಟಿದರೆ ಗಾತ್ರ ಶೇ. 9ರಷ್ಟು ಹೆಚ್ಚಿ ಬಿರುಕು ಅಗಲವಾಗುತ್ತದೆ. ಒಳಗೆ ಕಬ್ಬಿಣದ ಮೊಳೆಯಿದ್ದರಂತೂ ತುಕ್ಕು ಉಬ್ಬಿ ಬೆರಳು, ಮೂಗು ಸಿಡಿಯುತ್ತವೆ. ಕೈಯಲ್ಲಿದ್ದ ವಸ್ತು ಹೋಯಿತೆಂದರೆ ಗುರುತೇ ಹೋಯಿತು. ಅದಕ್ಕೇ ಚಳಿಗಾಲದಲ್ಲಿ ಮೂರ್ತಿಗಳಿಗೆ ಹೊದಿಕೆ ಹಾಕುತ್ತಾರೆ. ತೀರಾ ಬಳಲಿದವನ್ನು ಒಳಗಿಟ್ಟು, ಅಮೃತಶಿಲೆ ಪುಡಿ ಮತ್ತು ರಾಳದಲ್ಲಿ ಎರಕ ಹೊಯ್ದ ಪ್ರತಿಯನ್ನು ಹೊರಗೆ ನಿಲ್ಲಿಸುತ್ತಾರೆ. ಪ್ರತಿಯ ಮೈಯಲ್ಲಿ ಕಲ್ಲಿನ ನರಗಳು, ಅಂದರೆ ಕಲ್ಲಿನೊಳಗಿನ ಬಣ್ಣದ ಗೆರೆಗಳು, ಇರುವುದಿಲ್ಲ.

ಅರಮನೆ 1837ರಿಂದಲೇ ಮ್ಯೂಸಿಯಂ, ಒಳಗಡೆ ವರ್ಷವಿಡೀ ನೋಡಬಹುದು. ತೋಟಕ್ಕಾಗಿಯಾದರೆ, ಮೂರ್ತಿಗಳ ಮೇಲೆ ಹೊದಿಕೆಯಿರದಂತೆ, ಮೇ ಕಳೆದ ಮೇಲೆ ಬರುವ ಹಾಗೆ ಟಿಕೆಟ್ ಮಾಡಿಸಿ. ಅಮ್ಮನಿಗೆ ನಮಸ್ಕಾರ ತಿಳಿಸಿ.

ಇಂತಿ ನಿಮ್ಮ ಮಗಳು