ಅದು ಹಟ ಅಲ್ಲ
ಮಾನ್ಯ ಸಂಪಾದಕರೇ,

ನಾನು ಮೈಸೂರಿನ ಒಂದು ಥೆರಪಿ ಕೇಂದ್ರದಲ್ಲಿ ನಾಲ್ಕು ವರ್ಷದಿಂದ ಆಟಿಸಂ (ಮಾತು, ಬೆರೆಯುವಿಕೆ, ಶಬ್ದ-ಬೆಳಕನ್ನು ಗ್ರಹಿಸುವ ರೀತಿ ಬೇರೆಯಾಗಿರುವ ಸ್ಥಿತಿ) ಇರುವ ಮಕ್ಕಳ ಜೊತೆ ಕೆಲಸ ಮಾಡುತ್ತಿದ್ದೇನೆ. ಇಂಥ ಮಕ್ಕಳಿಗೆ ದಿನನಿತ್ಯದ ಕೌಶಲ ಕಲಿಸುವ ನನ್ನ ಕೆಲಸಕ್ಕೆ ಬಿಹೇವಿಯರ್ ಟೆಕ್ನೀಷಿಯನ್ ಎಂದು ಹೆಸರು, ಹಾಗಂದರೆ ಯಾರಿಗೂ ಗೊತ್ತಾಗುವುದಿಲ್ಲ. ನಮ್ಮ ಮನೆ ಓನರ್‌ಗೆ ನಾನು ಇವತ್ತಿಗೂ ‘ಡೇಕೇರ್ ಮಿಸ್’. ಇರಲಿ ಬಿಡಿ.

ಹೋದ ವಾರ ಸಿಟಿ ಬಸ್ಸಿನಲ್ಲಿ ಪುಟ್ಟ ಹುಡುಗನೊಬ್ಬ ಎರಡೂ ಕಿವಿ ಮುಚ್ಚಿಕೊಂಡು ಕಿರುಚುತ್ತಿದ್ದ. ಪ್ರತಿ ಹಾರ್ನಿಗೂ ಬೆಚ್ಚಿಬೀಳುತ್ತಿದ್ದ. ‘ಎರಡು ಬಿಟ್ರೆ ಸರಿಹೋಗ್ತಾನೆ’ ಎಂದರು ಹಿಂದಿನ ಸೀಟಿನವರು. ಪಾಪ, ತಾಯಿ ಅರ್ಧ ದಾರಿಯಲ್ಲೇ ಇಳಿದುಬಿಟ್ಟರು.

ಏಟು ಕೊಟ್ಟರೆ ಸರಿಹೋಗುವುದಾದರೆ ನಮಗೇಕೆ ಕೆಲಸ, ಅಲ್ವಾ? ನಮ್ಮಲ್ಲಿಗೆ ಬರುವ ಒಬ್ಬನಿಗೆ ಮಾತು ಬರುವುದಿಲ್ಲ. ಬಾಯಾರಿದರೆ ತಲೆಯನ್ನು ಗೋಡೆಗೆ ಚಚ್ಚಿಕೊಳ್ಳುತ್ತಿದ್ದ. ಲೋಟದ ಚಿತ್ರವಿರುವ ಕಾರ್ಡ್ ಕೊಟ್ಟು ನೀರು ಕೇಳುವುದನ್ನು ಕಲಿಸಲು ಮೂರು ತಿಂಗಳು ಹಿಡಿಯಿತು. ಕಾರ್ಡ್ ನನ್ನ ಕೈಗಿಟ್ಟ ತಕ್ಷಣ ನೀರು ಕೊಡಬೇಕು, ತಡ ಮಾಡುವಂತಿಲ್ಲ. ಈಗ ಚಚ್ಚಿಕೊಳ್ಳುವುದು ಎಷ್ಟೋ ಕಡಿಮೆ. ಆ ಕಾರ್ಡಿನ ಮೂಲೆಗಳೇ ಸವೆದುಹೋಗಿವೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಕೂಡ ಸೇರಿದೆ. ಬಸ್ ಕಂಡಕ್ಟರ್‌ಗಳ ತರಬೇತಿಯಲ್ಲಿ ಇದಕ್ಕೆ ಅರ್ಧ ಗಂಟೆಯಾದರೂ ಕೊಡಲಿ. ಪ್ರಯಾಣಿಕರು ಜಾಸ್ತಿ ಏನೂ ಮಾಡಬೇಕಿಲ್ಲ. ದುರುಗುಟ್ಟಿ ನೋಡದೆ ಸುಮ್ನೆ ಸ್ವಲ್ಪ ಜಾಗ ಬಿಡಲಿ.

– ಓದುಗರೊಬ್ಬರು, ಮೈಸೂರು